ಅಣ್ಣನ ಗರಗಸ

ಸಾವಿನ ಮನೆಗೆಂದು ನೆರೆಯವರು ಊಟ ಹೊತ್ತು ತಂದಿದ್ದ ಪಾತ್ರೆಗಳನ್ನು ಮಾರ್ನಿ ತೊಳೆಯುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಶವಪರೀಕ್ಷೆ, ಹಿಮ ಮುಚ್ಚಿದ ರಸ್ತೆ, ಎಲ್ಲ ಸೇರಿ ಗಂಡ ಸೆಲ್ಬಿಯನ್ನು ಮಣ್ಣು ಮಾಡುವುದು ತಿಂಗಳು ತಡವಾಗಿ, ನಿನ್ನೆಯಷ್ಟೇ ಮುಗಿದಿತ್ತು. ಪ್ರತಿ ಪಾತ್ರೆಯ ತಳದಲ್ಲೂ ಪಟ್ಟಿ ಅಂಟಿಸಿ ಹೆಸರು ಬರೆದಿತ್ತು. ಈ ಬಂದರಿನಲ್ಲಿ ಯಾರ ಸಾಮಾನೂ ಇನ್ನೊಬ್ಬರ ಮನೆಯಲ್ಲಿ ಉಳಿಯುವುದಿಲ್ಲ.

ಪ್ರಯೋಗಾಲಯದವನು ಮೊದಲು ಸಂತಾಪ ಹೇಳಿದ. ಆಮೇಲೆ ವಿಷಯಕ್ಕೆ ಬಂದ. ಸೆಲ್ಬಿಯ ಹೃದಯದ ತುಣುಕಿನಲ್ಲಿ ಮನೆತನದ ದೋಷ ಸಿಕ್ಕಿದೆ. ಅವನಪ್ಪನನ್ನೂ ಇಬ್ಬರು ಚಿಕ್ಕಪ್ಪಂದಿರನ್ನೂ ನಡುವಯಸ್ಸಿಗೆ ಮೊದಲೇ ಕೆಡವಿದ ಅದೇ ದೋಷ. ಆದರೆ ಎರಡು ವರ್ಷದ ಹಿಂದೆ ಅವನು ಪರೀಕ್ಷೆಗೆ ಕೊಟ್ಟ ರಕ್ತ ಶುದ್ಧವಾಗಿದೆ. ಎತ್ತಿಟ್ಟಿದ್ದ ರಕ್ತವನ್ನು ಮತ್ತೆ ನೋಡಿದರು. ಈಗಲೂ ಶುದ್ಧ.

ಅವನು ತಡವರಿಸಿದ. ಆ ರಕ್ತ, ಈ ಹೃದಯ ಒಬ್ಬನದಲ್ಲ. ಆದರೆ ಒಂದೇ ತಾಯಿತಂದೆಯ ಮಕ್ಕಳದು.

ಮಾರ್ನಿ ಫೋನ್ ಇಟ್ಟು ಕೈ ಒರೆಸಿಕೊಂಡಳು. ಸೆಲ್ಬಿಗೆ ಇದ್ದವನು ಒಬ್ಬನೇ ಅಣ್ಣ, ಲಿಯಾಂಡರ್.

ಮೇಜಿನ ಬಳಿ ಚಹಾ ಹಿಡಿದು ಕೂತಿದ್ದ ಅತ್ತೆ ಫಿಲೊಮಿನಾ ಎಲ್ಲ ಕೇಳಿಸಿಕೊಂಡು, ಬಾಟಲಿ ಅದಲುಬದಲಾಗಿರಬೇಕು ಎಂದಳು. ಮಗ ಹಾಗೆ ಹೋಗುವವನೇ ಅಲ್ಲ. ಚಿಕ್ಕವನಿದ್ದಾಗ ಮೈಯಲ್ಲಿ ರಕ್ತ ಸಾಲದೆ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವನು, ಅದನ್ನೇ ಗೆದ್ದು ಬಂದಿರಲಿಲ್ಲವೇ.

"ಆ ಮಾತು ಈಗ್ಯಾಕೆ ಬಿಡು," ಎಂದು ತಾನೇ ಮಾತು ಮುರಿದು ಚಹಾ ಗುಟುಕರಿಸಿದಳು.

ಗೋಡೆಯ ಮೇಲೆ ಮಾರ್ನಿ ಬರೆದ ವಂಶವೃಕ್ಷವಿತ್ತು. ವಂಶವಾಹಿ ಸಲಹೆಗಾರ್ತಿಯ ವ್ಯಾಸಂಗಕ್ಕೆ ಸೇರಿದ ವರ್ಷ ಅಭ್ಯಾಸಕ್ಕೆಂದು ಬರೆದದ್ದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ದೋಷವಿದ್ದವರಿಗೆ ಕಪ್ಪು, ಸತ್ತವರಿಗೆ ಅಡ್ಡಗೆರೆ. ಲಿಯಾಂಡರನ ಚೌಕದಲ್ಲಿ ಪ್ರಶ್ನೆಯ ಗುರುತು. ಸೆಲ್ಬಿಯ ಚೌಕ ಬೆಳ್ಳಗಿತ್ತು.

ಪರೀಕ್ಷೆ ಮಾಡಿಸಿಕೋ ಎಂದು ಅವನ ಬೆನ್ನು ಬಿದ್ದವಳು ಅವಳೇ. ಸ್ವಂತ ಮನೆಯವರ ಕಡತ ಮುಟ್ಟುವಂತಿಲ್ಲವೆಂದು, ತಾನು ತರಬೇತಿಗೆ ಹೋಗುವ ಕ್ಲಿನಿಕ್ಕಿನ ಬೇರೆಯವರ ಬಳಿಗೆ ಕಳಿಸಿದ್ದಳು. ಅಲ್ಲಿ, ಮಾರ್ನಿಯ ಗಂಡ ಎಂದು, ಕೇಳಬೇಕಾದ್ದನ್ನೆಲ್ಲ ಮನೆಯಲ್ಲೇ ಕೇಳಿರುತ್ತಾಳೆ ಎಂದು, ಪ್ರಶ್ನೆಗಳ ಹಾಳೆ ಬದಿಗಿಟ್ಟು ಬಿಸ್ಕತ್ತು ಕೊಟ್ಟು ರಕ್ತ ತೆಗೆದು ಕಳಿಸಿದ್ದರು. ಫಲಿತಾಂಶ ಶುದ್ಧವೆಂದು ಬಂದ ಮೇಲೆಯೇ ಮಗುವಿನ ಯೋಚನೆ. ಈಗ ಅವಳಿಗೆ ಐದು ತಿಂಗಳು.

ಸೆಲ್ಬಿ ತನ್ನ ಬದಲು ಅಣ್ಣನನ್ನು ಯಾಕೆ ಕಳಿಸಿರಬಹುದು ಎಂಬುದೂ ಹೊಳೆಯಿತು. ದೋಷವಿದೆ ಎಂದಾದರೆ ಎದೆಯಲ್ಲಿ ಯಂತ್ರ ಕೂರಿಸುತ್ತಾರೆ. ಆಮೇಲೆ ದೋಣಿ ನಡೆಸಲು ಬಿಡುವುದಿಲ್ಲ. ಸೆಲ್ಬಿಗೆ ದೋಣಿಯೇ ಎಲ್ಲ. ಅಣ್ಣ ತಮ್ಮನ ಹೆಸರು ಹೇಳಿ ಸೂಜಿಗೆ ತೋಳು ಒಡ್ಡಿದ್ದರೆ ಮುಗಿಯಿತು. ಇಬ್ಬರೂ ಸೇರಿ ಅವಳ ಕಣ್ಣಿಗೆ ಮಣ್ಣೆರಚಿದ್ದರು. ಗಂಡನ ಸುಳ್ಳನ್ನೇ ಓದಲಾರದವಳು ಪರರ ರಕ್ತ ಓದುವುದು ಹೇಗೆ? ಕಡೆಯ ಅವಧಿಗೆ ಬರುವುದಿಲ್ಲವೆಂದು ಕಾಲೇಜಿಗೆ ತಿಳಿಸಿಬಿಡಬೇಕು.

ಬಾಗಿಲ ಹಿಂದೆ ಲಿಯಾಂಡರನ ಗರಗಸವಿತ್ತು. ಸೌದೆ ಕೊಯ್ಯಲೆಂದು ಸೆಲ್ಬಿ ತಂದಿದ್ದ. ಅದನ್ನು ಎತ್ತಿಕೊಂಡು ಹೊರಟಳು.

ಲಿಯಾಂಡರ್ ದಡದ ಕೊಟ್ಟಿಗೆಯಲ್ಲಿ ಏಡಿ ಪಂಜರಕ್ಕೆ ಬಲೆ ಹೆಣೆಯುತ್ತಿದ್ದ. ಒಂಟಿಗ. ಮದುವೆಯ ಮಾತಾಗಿದ್ದ ವೆರಿಟಿಯನ್ನು ತಾನೇ ವಾಪಸು ಕಳಿಸಿದವನು. ತನಗೆ ಹುಟ್ಟುವವರು ಗೋರಿಗೆ ಹುಟ್ಟಿದ ಹಾಗೆ ಎಂದವನು. ಪರೀಕ್ಷೆಯನ್ನೂ ಮಾಡಿಸಿಕೊಂಡಿರಲಿಲ್ಲ. ಗೊತ್ತಾಗಿ ಮಾಡುವುದೇನು, ಎನ್ನುತ್ತಿದ್ದ.

ಗರಗಸ ನೋಡಿ ನಕ್ಕ. ಕಣ್ಣು ಕೆಂಪಗಿತ್ತು.

"ಸತ್ತ ಮೇಲಾದ್ರೂ ವಾಪಸ್ ಬಂತಲ್ಲ. ಬೂಟು, ಚಾಕು, ನನ್ನ ಹೊಸ ಟೋಪಿ... ಆ ಭೂಪ ನನ್ನಿಂದ ತಗೊಳ್ಳದೆ ಬಿಟ್ಟಿದ್ದು ನನ್ನ ಹಲ್ಲು ಮಾತ್ರ."

ಮಾರ್ನಿ ನಗಲಿಲ್ಲ. "ಅವನ ಹೆಸರು ಹೇಳಿ ರಕ್ತ ಕೊಟ್ಟಿದ್ದು ನೀನಾ?"

"ಏನಂದೆ?"

"ಆಸ್ಪತ್ರೆಯಲ್ಲಿರೋ ರಕ್ತ ಅವನದಲ್ಲ. ನಿನ್ನದು. ಸುಳ್ಳು ಹೇಳ್ಬೇಡ ಲಿಯಾಂಡರ್, ನನ್ನ ಹೊಟ್ಟೇಲಿ ಮಗು ಇದೆ."

ಅವನು ದಾರ ಕೆಳಗಿಟ್ಟ. ಸಿಟ್ಟು ಬರಲಿಲ್ಲ ಅವನಿಗೆ. ಏನೋ ಲೆಕ್ಕ ತಪ್ಪಿದವನಂತೆ ಅವಳನ್ನೇ ನೋಡಿದ.

"ನಾನು ಆ ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ಜನ್ಮದಲ್ಲಿ ಒಂದೇ ಸಲ ಕಣೇ. ಒಂಬತ್ತು ವರ್ಷದವನಿದ್ದೆ. ಅವನಿನ್ನೂ ಪುಟ್ಟ ಮಗು, ನೆನಪೂ ಇರಲಿಕ್ಕಿಲ್ಲ. ರಕ್ತ ಸಾಲದು ಅಂತ ಅವನನ್ನ ಅಲ್ಲಿ ಮಲಗಿಸಿದ್ರಲ್ಲ, ಆ ಚಳಿಗಾಲ. ನನ್ನನ್ನ ಕವುಚಿ ಹಾಕಿ ಸೊಂಟದ ಮೂಳೆಯಿಂದ ಏನೋ ತೆಗೆದು ಅವನಿಗೆ ಹಾಕಿದ್ರು. ಅಳ್ಲಿಲ್ಲ ಅಂತ ಅಮ್ಮ ಹಳದಿ ಲಾರಿ ಕೊಡಿಸಿದ್ಲು. ಅದನ್ನೂ ಅವನೇ ಇಟ್ಕೊಂಡ."

ಕೊಟ್ಟಿಗೆಯ ಕೆಳಗೆ ನೀರು ಕಂಬಗಳಿಗೆ ಬಡಿಯುತ್ತಿತ್ತು.

ಕ್ಲಿನಿಕ್ಕಿನವರು ಬದಿಗಿಟ್ಟ ಹಾಳೆಯಲ್ಲಿ ಆ ಪ್ರಶ್ನೆಯಿತ್ತು. ಅವಳು ಪ್ರತಿಯೊಬ್ಬ ಅಪರಿಚಿತರನ್ನೂ ಮೊದಲು ಕೇಳುತ್ತಿದ್ದದ್ದು: ಯಾರಿಂದಲಾದರೂ ಮೂಳೆಮಜ್ಜೆ ಪಡೆದಿದ್ದೀರಾ? ಪಡೆದವರ ಮೈಯಲ್ಲಿ ಆಮೇಲೆ ಹುಟ್ಟುವ ರಕ್ತವೆಲ್ಲ ಕೊಟ್ಟವರದು. ಹೃದಯ ಮಾತ್ರ ಅವರದೇ. ಕ್ಲಿನಿಕ್ಕಿನವರು ಅವಳು ಕೇಳಿರುತ್ತಾಳೆ ಎಂದುಕೊಂಡರು, ಅವಳು ಅವರು ಕೇಳುತ್ತಾರೆ ಎಂದುಕೊಂಡಳು. ಸೆಲ್ಬಿ ಸುಳ್ಳು ಹೇಳಿರಲಿಲ್ಲ. ತನ್ನದೇ ತೋಳು ಒಡ್ಡಿದ್ದ.

ಹೊಟ್ಟೆಯಲ್ಲಿ ಮಗು ಮಿಸುಕಿತು. ಅದಕ್ಕೆ ಅಪ್ಪನಿಂದ ಬರಬಹುದಾದದ್ದು ಆ ಶುದ್ಧ ರಕ್ತವಲ್ಲ, ಆ ಹೃದಯ.

ಅವಳು ಗರಗಸವನ್ನು ಬೆಂಚಿನ ಮೇಲಿಟ್ಟಳು. "ಇನ್ನೊಂದಿದೆ, ಅವನು ನಿನ್ನಿಂದ ತಗೊಂಡಿದ್ದು," ಎಂದಳು. "ನಮ್ಮನೇಲಿ ಎರಡು ವರ್ಷ ಇಟ್ಕೊಂಡಿದ್ವಲ್ಲ, ಆ ಶುದ್ಧ ಅನ್ನೋ ಫಲಿತಾಂಶ, ಅದು ನಿನ್ನದು ಲಿಯಾಂಡರ್. ನಿನಗೆ ಆ ದೋಷ ಇಲ್ಲ."