ತಾರಾನಾಥನ ಏಳನೇ ಅಧ್ಯಾಯ

"ಹೋಟೆಲನ್ನು ಕುಶಲಾಳ ಹೆಸರಿಗೆ ಬರೆದುಬಿಟ್ಟೆ" ಎಂದು ದೂಮಣ್ಣ ಶೆಟ್ಟರು ಹೇಳಿದಾಗ ತಾರಾನಾಥ ಬಾಯಿಗೆ ಒಯ್ದ ನೀರುದೋಸೆಯನ್ನು ತಿರುಗಿ ತಟ್ಟೆಗೇ ಹಾಕಿದ.

ದೋಸೆ ಬಡಿಸುತ್ತಿದ್ದ ಕುಶಲಾ ಶೆಟ್ಟರ ಮಗಳು. ತಾರಾನಾಥ ಅವರ ತಂಗಿಯ ಒಬ್ಬನೇ ಮಗ. ಇವರ ಅಳಿಯಸಂತಾನದ ಕಟ್ಟಿನಲ್ಲಿ ಗಂಡಸಿನ ಸೊತ್ತು ಹೋಗುವುದು ತಂಗಿಯ ಮಗನಿಗೆ. ಸ್ವಂತ ಮಕ್ಕಳಿಗೆ ಅಪ್ಪನ ಪ್ರೀತಿಯೇ ಗತಿ. ಹಂಪನಕಟ್ಟೆಯ ಹೋಟೆಲು ಇಂದಲ್ಲ ನಾಳೆ ತನ್ನದೇ ಎಂದು ನಂಬಿ ತಾರಾನಾಥ ಅದರ ಮೇಲೆ ಮೂರು ಮಾಳಿಗೆ ಎಬ್ಬಿಸಿ, ಲಿಫ್ಟ್ ಕೂಡ ಇರಿಸಿಯಾಗಿತ್ತು, ಮನಸ್ಸಿನಲ್ಲಿ. ಅದೇ ಧೈರ್ಯದಲ್ಲಿ ಕಾಲೇಜಿನ ಕೆಲಸಕ್ಕೆ ರಾಜೀನಾಮೆ ಬೇರೆ ಎಸೆದು ಬಂದಿದ್ದ, ಪುಣ್ಯಾತ್ಮ.

"ಇದೆಂತ ಅನ್ಯಾಯ ಮಾವ! ಕಟ್ಟುಕಟ್ಟಳೆ ಅಂತ ಒಂದು ಬೇಡವಾ?"

"ಅನ್ಯಾಯ ಎಂತ ಉಂಟು ಮಾರಾಯ? ನೀನೇ ಅಲ್ಲವಾ ಓದಿ ಹೇಳಿದ್ದು?"

ಹೌದು, ಓದಿದ್ದ. ಲಂಡನ್ನಿನ ವಿಶ್ವವಿದ್ಯಾಲಯಕ್ಕೆ ಅವನು ಬರೆದ ಪ್ರಬಂಧ ತುಳುನಾಡಿನ ಸಮಾಜ ಹೇಗೆ ಬದಲಾಗುತ್ತಿದೆ ಎಂಬುದರ ಬಗ್ಗೆ. ಖರ್ಚು ಹಾಕಿ ಓದಿಸಿದ ಮಾವನೂ ಕೇಳಲಿ ಎಂದು ಕಳೆದ ಮಳೆಗಾಲವಿಡೀ ಇದೇ ಚಾವಡಿಯಲ್ಲಿ ಕೂತು, ಇಂಗ್ಲಿಷನ್ನು ಬಿಡಿಸಿ ಬಿಡಿಸಿ ತುಳುವಿನಲ್ಲಿ ಹೇಳಿದ್ದ. ಜನ ಮುಂಬಯಿ, ಕೊಲಂಬೊ ಎಂದು ಹೊರಟಿದ್ದಾರೆ, ನಮ್ಮ ಹಂಚು, ಗೋಡಂಬಿ ಹಡಗು ಹತ್ತಿವೆ, ಲೋಕವೇ ಒಂದು ಸಂತೆಯಾಗುತ್ತಿದೆ; ಇಂಥ ಕಾಲದಲ್ಲಿ ಹೆತ್ತ ಮಕ್ಕಳನ್ನು ಬಿಟ್ಟು ತಂಗಿಯ ಮಗನಿಗೆ ಸೊತ್ತು ಕೊಡುವುದು ಸತ್ತುಹೋದ ಕಟ್ಟಳೆ ಎಂದು ಏಳನೇ ಅಧ್ಯಾಯದಲ್ಲಿ ಸಾರಿದ್ದ. ಅದನ್ನು ಕೇಳಿ ಶೆಟ್ಟರ ಕಣ್ಣು ಒದ್ದೆಯಾಗಿತ್ತು. ಎಲ್ಲ ತನ್ನ ಬರವಣಿಗೆಯ ಪ್ರತಾಪ ಎಂದು ಇವನು ಉಬ್ಬಿಹೋಗಿದ್ದ.

"ಅದು ಸಂಶೋಧನೆ ಮಾವ! ಊರಿನ ಜನರ ಬಗ್ಗೆ ಬರೆದದ್ದು!"

"ನಾವು ಊರಿನ ಜನ ಅಲ್ಲವಾ? ಇವಳಿಗೆ ಏನೂ ಕೊಡ್ಲಿಕ್ಕಿಲ್ಲವಲ್ಲ ಅಂತ ಇಷ್ಟು ವರ್ಷ ಒಳಗೊಳಗೇ ಬೆಂದೆ ಮಗಾ. ನೀನು ಕಣ್ಣು ತೆರೆಸಿದಿ. ಕುಶಲಾ, ಇವನಿಗೆ ಇನ್ನೆರಡು ದೋಸೆ ಹಾಕು."

ತಾರಾನಾಥ ಕೈ ತೊಳೆದವನೇ ಸುರತ್ಕಲ್ಲಿನ ಬಸ್ಸು ಹತ್ತಿದ. ಅವನ ಅಪ್ಪ ಮಂಜಣ್ಣ ಆಳ್ವರು ಅಲ್ಲಿ ತಮ್ಮ ತಂಗಿಯ ಮನೆಯಲ್ಲಿದ್ದರು. ತಾಯಿಯ ಕಡೆ ಬೆಳೆದ ಮಗನಿಗೆ ಅಪ್ಪನ ನೆನಪಾಗುತ್ತಿದ್ದದ್ದು ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ. ಆದರೆ ಅಪ್ಪ ಸ್ವಂತ ದುಡಿದು ಮಾಡಿದ ತೆಂಗಿನ ತೋಟವೊಂದಿತ್ತು. ಕಾಲ ಮಾವನ ಮನೆಯಲ್ಲಿ ಬದಲಾದ ಮೇಲೆ ಅಪ್ಪನ ಮನೆಯಲ್ಲೂ ಬದಲಾಗಲೇಬೇಕಲ್ಲ!

ಆಳ್ವರು ಎಲ್ಲವನ್ನೂ ಕೇಳಿಸಿಕೊಂಡು ತಲೆಗೆ ಕೈಯಿಟ್ಟರು.

"ಅಯ್ಯೋ ದೇವರೇ! ತೋಟವನ್ನು ಮೊನ್ನೆಯಷ್ಟೇ ನನ್ನ ತಂಗಿಯ ಮಗನಿಗೆ ಕೊಟ್ಟಾಯಿತು. ನಿನಗೆ ಹೇಗೂ ಮಾವನದ್ದು ಉಂಟಲ್ಲ ಅಂತ."

"ಕಾಲ ಬದಲಾಗಿದೆ ಅಪ್ಪ! ಇದು ಮಕ್ಕಳಿಗೆ ಕೊಡುವ ಕಾಲ! ಇದನ್ನೇ ನಾನು ಬರೆದು ಲಂಡನ್ನಿಗೆ ಕಳಿಸಿದ್ದೇನೆ!"

ಆಳ್ವರು ನೀರಿನ ಚೆಂಬನ್ನು ಮಗನ ಮುಂದೆ ಸರಿಸಿದರು.

"ಲಂಡನ್ನಿಗೆ ಹೇಳಿದ್ದಿ, ಮಾವನಿಗೂ ಹೇಳಿದ್ದಿ. ಸುರತ್ಕಲ್ಲಿಗೆ ದಿನಾ ಬಸ್ಸು ಉಂಟಲ್ಲ ಮಗಾ."