ಪಿಳ್ಳಪ್ಪನ ಅಂಗಿಗೊಂದು ಬಾವುಟ

ಕಾಗದದ ಬಾವುಟವನ್ನು ಅಂಗಿಗೆ ಚುಚ್ಚಲು ಟೀಚರ್ ನಾಗವೇಣಿ ಹತ್ತಿರ ಬಂದದ್ದೇ ತಡ, ಮುದುಕ ಪಿಳ್ಳಪ್ಪ ಎರಡೂ ಕೈ ಮೇಲೆತ್ತಿ, ಕಾಲಗಲಿಸಿ, ಬಾಯಿ ತೆರೆದು ನಿಂತುಬಿಟ್ಟ. ಚಿನ್ನದ ಗಣಿಯ ಊರಾದ ಊರಿಗಾಂನ ಶಾಲೆಯಲ್ಲಿ ಅಂದು ಸ್ವಾತಂತ್ರ್ಯದ ಬೆಳ್ಳಿಹಬ್ಬ; ಗಣಿ ಕಾರ್ಮಿಕರಿಗೆ ಸನ್ಮಾನ.

ಮಕ್ಕಳು ಕಿಸಕ್ಕನೆ ನಕ್ಕರು. ನಾಗವೇಣಿಗೆ ನಗು ಬರಲಿಲ್ಲ. ಚಿನ್ನ ಕದ್ದಿದ್ದಾರೇನೋ ಎಂದು ಬಿಳಿ ದೊರೆಗಳ ಕಾಲದಲ್ಲಿ ಕಾರ್ಮಿಕರನ್ನು ಗಣಿಯ ಗೇಟಿನಲ್ಲಿ ಹೀಗೇ ನಿಲ್ಲಿಸಿ ಮೈಯೆಲ್ಲ ತಡಕುತ್ತಿದ್ದರು, ಈಗಲೂ ತಡಕುತ್ತಾರೆ.

"ಕೈ ಇಳ್ಸಿ ತಾತ. ದೊರೆಗಳು ಹೋಗಿ ಇಪ್ಪತ್ತೈದು ವರ್ಷ ಆಯ್ತು."

ಪಿಳ್ಳಪ್ಪ ನಾಚಿಕೊಂಡ. "ಅವ್ರು ಓಗಿದ್ದನ್ನ ಈ ಕೈಗೋಳ್ಗೆ ಯಾರೂ ತಿಳಿಸ್ಲೇ ಇಲ್ಲ ಕಣಮ್ಮ."

ಅವಳು ಅವನ ಅಂಗಿಗೆ ಬಾವುಟ ಚುಚ್ಚಿ, ಇನ್ನೊಂದನ್ನು ಹಿಡಿದು ತಿರುಗಿದಳು. ಸಾಲಿನಲ್ಲಿ ಮುಂದೆ ನಿಂತಿದ್ದವನು ಅವಳ ಅಪ್ಪ. ಅವನ ಕೈಗಳು ಆಗಲೇ ಅರ್ಧ ಮೇಲೆದ್ದಿದ್ದವು.