ಮೆಟ್ಟಿಲ ಕೆಳಗೆ ಹದಿನೈದು ನಿಮಿಷ

‘ಮೆಟ್ಟಿಲ ಕೆಳಗೆ. ಅಳುವುದಕ್ಕೆ. ಹನ್ನೊಂದೂ ಹತ್ತರಿಂದ ಹನ್ನೊಂದೂ ಇಪ್ಪತ್ತೈದು’ ಎಂದು ಚಲನವಲನ ವಹಿಯಲ್ಲಿ ದುಂಡಗೆ ಬರೆದಿತ್ತು. ಹೆಡ್ ಕ್ಲಾರ್ಕ್ ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ವಹಿಯನ್ನು ಎಳೆಗೂಸಿನ ಹಾಗೆ ಎದೆಗೆ ಅವಚಿಕೊಂಡು ಸಾಹೇಬರ ಕೋಣೆಗೆ ನಡೆದರು.

ಕುರ್ಚಿ ಬಿಟ್ಟು ಎದ್ದವರು ಎಲ್ಲಿಗೆ ಹೋದರು, ಯಾಕೆ ಹೋದರು, ಎಷ್ಟು ಹೊತ್ತು ಎಂದು ಅದರಲ್ಲಿ ಬರೆಯಬೇಕು, ಸುಳ್ಳು ಬರೆದರೆ ಶಿಸ್ತು ಕ್ರಮ ಎಂದು ಸಾಹೇಬರು ಬಂದ ಹೊಸದರಲ್ಲೇ ಆಜ್ಞೆ ಹೊರಡಿಸಿದ್ದರು. ಎಲ್ಲರೂ ‘ಕಚೇರಿ ಕೆಲಸ’ ಎಂದು ಗೀಚಿ ಚಹಾದಂಗಡಿಗೋ ಮಗಳ ಶಾಲೆಗೋ ಹೋಗಿಬರುತ್ತಿದ್ದರು. ಸತ್ತ ನೌಕರರ ಮನೆಯವರಿಗೆ ಪಿಂಚಣಿ ಮಾಡಿಕೊಡುವ ಮೇಜಿಗೆ ಹೊಸದಾಗಿ ಬಂದ ಹುಡುಗಿ ಮಾತ್ರ ಆಜ್ಞೆಯನ್ನು ಆಜ್ಞೆ ಅಂತಲೇ ತಿಳಿದಿದ್ದಳು.

ವಹಿಯನ್ನು ಗೇಲಿ ಮಾಡಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು ಎಂದು ಸಾಹೇಬರು ನೋಟೀಸು ಬರೆಸಿದರು. ಹುಡುಗಿಯ ಪ್ರೊಬೇಷನ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಈ ಕಾಗದ ಅವಳ ಸೇವಾ ಪುಸ್ತಕಕ್ಕೆ ಅಂಟಿತೆಂದರೆ ಕೆಲಸಕ್ಕೆ ಎಳ್ಳುನೀರು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ನೋಟೀಸು ಮುಟ್ಟಿಸಿ ಸಹಿ ತರುವುದು ಸಾಹೇಬರ ಬಾಗಿಲು ಕಾಯುವ ದಫೇದಾರರ ಪಾಲಿಗೆ ಬಂತು. ಮೂವತ್ತನಾಲ್ಕು ವರ್ಷದಲ್ಲಿ ಅವರು ಎಷ್ಟೋ ನೋಟೀಸು ಹೊತ್ತಿದ್ದರು. ಹೊತ್ತವನಿಗೆ ಒಳಗೇನಿದೆ ಎಂಬ ಉಸಾಬರಿ ಬೇಡ ಎನ್ನುವವರು ಅವರು. ಈ ಸಲ ಮಾತ್ರ ಯಾರೋ ತಲೆಗೆ ಹುಳ ಬಿಟ್ಟ ಹಾಗಾಯಿತು. ಅಳುವುದನ್ನೂ ಗಡಿಯಾರ ನೋಡಿಕೊಂಡು ಅಳುತ್ತಾರೆಯೇ? ಕಾಗದವನ್ನು ಜೇಬಿಗೆ ಸೇರಿಸಿ, ಮರುದಿನ ಹನ್ನೊಂದೂ ಹತ್ತಾಗುವುದನ್ನೇ ಕಾದು ಮೆಟ್ಟಿಲ ಕೆಳಗೆ ಇಣುಕಿದರು.

ಮುರಿದ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಿದ್ದಳು. ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಸದ್ದಿರಲಿಲ್ಲ, ಬಿಕ್ಕಳಿಕೆ ಇರಲಿಲ್ಲ. ಹಿಡಿದ ಕೆಲಸ ಮುಗಿಸುವವಳ ಹಾಗೆ ಅಳುತ್ತಿದ್ದಳು. ಹೊತ್ತಾದ ಕೂಡಲೆ ಮೂಗು ಒರೆಸಿಕೊಂಡು ಎದ್ದಳು.

“ಯಾರಾದ್ರೂ ಏನಾದ್ರೂ ಅಂದ್ರಾ ಮಗಳೇ?” ಎಂದರು ದಫೇದಾರರು.

“ಇಲ್ಲ ದಫೇದಾರ್ರೇ. ಹನ್ನೊಂದಕ್ಕೆ ಟಪಾಲು ಬರುತ್ತಲ್ಲ, ಅದಕ್ಕೆ.” ಇನ್ನೊಂದು ಕೈಯಲ್ಲಿದ್ದ ಅರ್ಜಿಯನ್ನು ಅವರ ಮುಂದೆ ಹಿಡಿದಳು. “ಸತ್ತೋರ ಫೋಟೋ ಅಂಟಿಸ್ಬೇಕು ಅಂತ ನಿಯಮ. ಎಷ್ಟೋ ಮನೇಲಿ ಒಂಟಿ ಫೋಟೋನೇ ಇರಲ್ಲ. ನಾಲ್ಕು ಜನ ನಿಂತಿರೋ ಫೋಟೋದಿಂದ ಕತ್ತರಿಸಿ ಕಳಿಸ್ತಾರೆ.”

ಫೋಟೋದಲ್ಲಿ ಒಬ್ಬ ಗಂಡಸು ನಗುತ್ತಿದ್ದ. ಅವನ ಹೆಗಲ ಮೇಲೆ ಉಂಗುರ ತೊಟ್ಟ ಹೆಂಗಸಿನ ಕೈಯೊಂದು ಇತ್ತು. ಕತ್ತರಿ ಅದನ್ನು ಮಣಿಕಟ್ಟಿನ ಹತ್ತಿರ ತುಂಡರಿಸಿತ್ತು.

“ಇದನ್ನ ನೋಡಿದ ಕೂಡ್ಲೇ ಸೀಲ್ ಹೊಡೆಯೋಕೆ ನನಗೆ ಬರಲ್ಲ. ಅತ್ತು ಬಂದ್ರೆ ಹೊಡೀತೀನಿ.”

ದಫೇದಾರರು ಜೇಬಿಗೆ ಕೈ ಹಾಕಿದರು. ನೋಟೀಸು ತೆಗೆದು ಕೊಟ್ಟರು. ಅವಳು ಓದಿ, ಸಹಿ ಹಾಕಿ, ತಾರೀಖನ್ನೂ ಬರೆದುಕೊಟ್ಟಳು.

ಮೂರನೇ ದಿನ ಸಾಹೇಬರ ಮುಂದೆ ವಿಚಾರಣೆ. ದಫೇದಾರರೇ ಸಾಕ್ಷಿ. ಕಂಡದ್ದನ್ನು ಕಂಡ ಹಾಗೆ ಹೇಳಿದರು. ಸಾಹೇಬರ ಮೇಜಿನ ಮೇಲೆ ನಡತೆ ನಿಯಮಗಳ ಪುಸ್ತಕ ತೆರೆದಿತ್ತು. ಕುಡಿದು ಬರಬಾರದು ಎಂದಿತ್ತು, ನಿದ್ದೆ ಮಾಡಬಾರದು ಎಂದಿತ್ತು, ಜಗಳ ಕಾಯಬಾರದು ಎಂದಿತ್ತು. ಅಳುವುದರ ಸುದ್ದಿಯೇ ಅದರಲ್ಲಿ ಇರಲಿಲ್ಲ. ಸಾಹೇಬರು ಪುಟ ತಿರುವುತ್ತಲೇ ಇದ್ದರು. ಹೆಡ್ ಕ್ಲಾರ್ಕಿಗೆ ತಡೆಯಲಾಗಲಿಲ್ಲ. ಎಲ್ಲರ ಹಾಗೆ ಕಚೇರಿ ಕೆಲಸ ಅಂತ ಬರೆದಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ ಎಂದುಬಿಟ್ಟರು. ಅಂದ ಮೇಲೆ ನಾಲಗೆ ಕಚ್ಚಿಕೊಂಡರು.

“ಹಾಗೇ ಬರೀತೀನಿ ಸಾರ್,” ಎಂದಳು ಹುಡುಗಿ. “ಬರೆಯೋಕೆ ಹೇಳಿದ್ದು ಯಾರು ಅಂತ ಪಕ್ಕದಲ್ಲಿ ಒಂದು ಸಹಿ ಹಾಕಿಕೊಡಿ.”

ಸಾಹೇಬರು ಅವಳನ್ನು ಒಮ್ಮೆ, ಹೆಡ್ ಕ್ಲಾರ್ಕನ್ನು ಒಮ್ಮೆ ನೋಡಿದರು. ಆಮೇಲೆ ದಫೇದಾರರ ಕಡೆ ತಿರುಗಿ, ಆ ಮೇಜಿನಲ್ಲಿ ಹಿಂದೆ ಕೂತವರೂ ಹೀಗೇ ಅಳುತ್ತಿದ್ದರೇ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು.

“ಅಳ್ತಿರಲಿಲ್ಲ ಸ್ವಾಮಿ,” ಎಂದರು ದಫೇದಾರರು. “ಮೊದಲನೆಯವರು ಲಕೋಟೆ ಒಡೀತಾನೇ ಇರಲಿಲ್ಲ. ಅವರು ನಿವೃತ್ತಿಯಾದಾಗ ಎರಡು ಬೀರು ತುಂಬ ಸಿಕ್ಕವು. ಎರಡನೆಯವರು ಒಡೀತಿದ್ರು. ಆದ್ರೆ ವಿಚಾರಿಸೋಕೆ ಬಂದ ಹೆಂಗಸರ ಮೇಲೆಲ್ಲ ಹರಿಹಾಯ್ತಿದ್ರು, ವರ್ಷಗಟ್ಟಲೆ ಅಲೆಸ್ತಿದ್ರು. ಈ ಮಗು ಅತ್ತು ಬಂದು ಅವತ್ತಿನದು ಅವತ್ತೇ ಮುಗಿಸುತ್ತೆ.”

ಎರಡನೆಯವರು ಯಾರೆಂದು ದಫೇದಾರರು ಹೇಳಲಿಲ್ಲ. ಹೆಡ್ ಕ್ಲಾರ್ಕ್ ಕಿಟಕಿಯಾಚೆ ನೋಡತೊಡಗಿದರು.

ಸಾಹೇಬರು ನೋಟೀಸಿನ ಮೇಲೆ ಅಡ್ಡಗೆರೆ ಎಳೆದರು. ಸುಮ್ಮನೆ ಬಿಟ್ಟರೆ ಸಾಹೇಬರ ಮರ್ಯಾದೆ ಏನಾಗಬೇಕು? ವಹಿಯ ಅಂಚಿನಲ್ಲಿ ‘ನೋಡಿದೆ. ಹದಿನೈದು ನಿಮಿಷ ಮೀರತಕ್ಕದ್ದಲ್ಲ’ ಎಂದು ಬರೆದು ಸಹಿ ಹಾಕಿದರು. ಹುಡುಗಿ ನಮಸ್ಕಾರ ಹೇಳಿ ತನ್ನ ಮೇಜಿಗೆ ಹೋದಳು.

ಹೊರಗೆ ವರಾಂಡದಲ್ಲಿ ದಫೇದಾರರು ನಾಲ್ಕು ಹೆಜ್ಜೆ ಹಾಕಿರಬೇಕು, ಹೆಡ್ ಕ್ಲಾರ್ಕ್ ಹಿಂದಿನಿಂದ ಬಂದು ತೋಳು ಹಿಡಿದರು. ಬೈಯುತ್ತಾರೆ ಎಂದುಕೊಂಡು ದಫೇದಾರರು ತಲೆ ತಗ್ಗಿಸಿದರು. ಹೆಡ್ ಕ್ಲಾರ್ಕ್ ಆಚೀಚೆ ನೋಡಿ, ದನಿ ಇಳಿಸಿ ಕೇಳಿದರು:

“ಅಲ್ಲಪ್ಪಾ, ಆ ಮೆಟ್ಟಿಲ ಕೆಳಗೆ ಇನ್ನೊಬ್ಬರು ಕೂರೋಷ್ಟು ಜಾಗ ಇದೆಯಾ?”